ಏಳರ ಮಗ್ಗಿ ಕೇಳಿದ ಡೆಸ್ಕುಗಳು

ಮರ ಮನುಷ್ಯರ ಮಾತು ಕೇಳಲು ಶುರುಮಾಡಿ ಹತ್ತು ವರ್ಷವಾಗಿತ್ತು. ಹಾಗಾಗಿ ಬಡಗಿ ಕಾಳಮ್ಮ ಗದಗಿನ ಶಾಲೆಯೊಂದಕ್ಕೆ ಮಾಡಿಕೊಟ್ಟ ಡೆಸ್ಕುಗಳಿಗೆ ತಿರುಪು, ಹಿಡಿಕೆ ಏನೂ ಇರಲಿಲ್ಲ. "ಏಳು" ಎಂದರೆ ಸೀಟಿನ ಸಮೇತ ಗೇಣೆತ್ತರ ಏಳುತ್ತಿದ್ದವು, "ಕೂಡು" ಎಂದರೆ ಪೂರ್ತಿ ಕೆಳಗಿಳಿಯುತ್ತಿದ್ದವು. ಹಿಂದಿನ ಸಾಲಿನ ಗಿಡ್ಡ ನೀಲವ್ವನಿಗೆ ಮೊದಲ ಬಾರಿ ಕರಿಹಲಗೆ ಕಂಡಿತು.

"ಛಲೋ ಅದಾವ. ಆದ್ರ ಪಾಠಕ್ಕ ಅಡ್ಡಿ ಆತಂದ್ರ ವಾಪಸ್ ಒಯ್ಯಬೇಕ್ ನೋಡ್ರಿ," ಎಂದು ಕಾಳಮ್ಮನಿಗೆ ಹೇಳಿದ ಗಣಿತದ ಅಕ್ಕೋರು ಮಕ್ಕಳ ಕಡೆ ತಿರುಗಿದರು. "ಏಳರ ಮಗ್ಗಿ ಹೇಳ್ರಿ." ಅದು ಆ ತರಗತಿಯಲ್ಲಿ ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ.

"ಏಳೊಂದ್ಲೆ ಏಳು! ಏಳೆರಡ್ಲೆ ಹದಿನಾಲ್ಕು! ಏಳ್ಮೂರ್ಲೆ..."

ಡೆಸ್ಕುಗಳು ಎದ್ದೇ ಎದ್ದವು.

"ಅಕ್ಕೋರ, ಕೂಡೂ ಲೆಕ್ಕಾ ಕೊಡ್ರಿ!" ಮೇಲಿನಿಂದ ನೀಲವ್ವ ಕೂಗಿದಳು.

"ಮೂರಕ್ಕ ನಾಕು ಕೂಡು!"

ಡೆಸ್ಕುಗಳು ಸರಸರ ಇಳಿದವು.

"ಎಷ್ಟಾತು?"

"ಏಳು!" ಎಂದು ಮಕ್ಕಳು ಮತ್ತೆ ಮೇಲೆದ್ದರು. ಇನ್ನೂ ಏರುವ ಆಸೆಗೆ ಯಾರೂ ಹೇಳದೆಯೇ ಮಗ್ಗಿ ಹಿಡಿದರು.

"ಸಿಟ್ಟಾಗಬ್ಯಾಡ್ರಿ, ಆ ಶಬ್ದಾನ ಬದಲಿ ಮಾಡ್ತೀನಿ," ಕಾಳಮ್ಮ ತೊದಲಿದಳು.

"ಶ್! ಮಗ್ಗಿ ಮುಗೀಲಿ," ಎಂದರು ಅಕ್ಕೋರು.

ಛಾವಣಿಯ ತೊಲೆಯ ಹತ್ತಿರ ಮೂವತ್ತು ಮಕ್ಕಳು ಒಂದೂ ತಪ್ಪಿಲ್ಲದೆ ಎಪ್ಪತ್ತಕ್ಕೆ ಬಂದಿದ್ದರು.