ಸೋಸಿದ ಬೂದಿ

ಮನ್ಮಥಪ್ಪ ಅತ್ತೆಯ ಮಣಿಕಟ್ಟು ಹಿಡಿದು ತಿರುಚಿದ. ಅವನ ಕೂಸಿನ ಹಣೆಗೆ ಅವಳು ಬಳಿಯಲಿದ್ದ ಬೂದಿ ನೆಲಕ್ಕೆ ಚೆಲ್ಲಿತು.

"ವಿಭೂತಿ ಚೆಲ್ತಿಯೇನೋ, ಪಾಪಿ! ಅಳಿಯಾ ಅಂತ ನೋಡೂದಿಲ್ಲ ನಾ!" ಶಾಂತಾಬಾಯಿ ಪೂಜೆಯ ತಂಬಿಗೆಯನ್ನೇ ಎತ್ತಿ ಅವನ ತಲೆಗೆ ಬಡಿದಳು. ಹುಬ್ಬಿನ ಮೇಲಿಂದ ರಕ್ತ ಇಳಿಯಿತು. ಅವನು ಹಿಡಿದ ಕೈ ಬಿಡಲಿಲ್ಲ.

"ವಿಭೂತಿ ಅಲ್ರೀ ಅತ್ತಿ! ಕಲ್ಲಿದ್ದಲ ಹೊಗಿಯೊಳಗ ಪಾದರಸ ಇರ್ತದ. ಅದು ಗೋದಾವರಿಗೆ ಬೀಳಬಾರದಂತ ನಮ್ಮ ಪವರ್ ಹೌಸಿನ ಚಿಮಣಿಯೊಳಗ ಸೋಸಿ ಹಿಡಿದ ಬೂದಿ ಇದು. ಪರೀಕ್ಷೆಗಂತ ಡಬ್ಬಿಯೊಳಗ ತಂದಿಟ್ಟಿದ್ದೆ. ವಿಷ!"

"ಇಷ್ಟು ನುಣ್ಣಗಿದ್ದದ್ದು ವಿಷಾ? ಎಂಟು ದಿನದಿಂದ ದಿನಾ ಚಿಟಿಕಿ ಬಾಯಿಗೆ ಹಾಕ್ಕೊಂತೀನಿ, ಸತ್ತೀನೇನು?" ತಂಬಿಗೆ ಮತ್ತೆ ಮೇಲೆದ್ದಿತು.

"ಕೂಸಿಗೂ ಹಾಕೀರೇನು?"

ತಂಬಿಗೆ ಮೇಲೆಯೇ ನಿಂತಿತು. ಮರುಕ್ಷಣ ಅದನ್ನು ಬಿಸಾಕಿ, ಶಾಂತಾಬಾಯಿ "ಶಿವಾ, ಶಿವಾ" ಎನ್ನುತ್ತ ಸೆರಗಿನ ತುದಿಯಿಂದ ಕೂಸಿನ ನಾಲಿಗೆಯನ್ನು ಉಜ್ಜತೊಡಗಿದಳು.