ಎಡಕ್ಕೆ ವೇಣಿ, ಬಲಕ್ಕೆ ಕೃಪಾ

ವಿರಾಮದ ಸೀಟಿ ಊದಿದಾಗ ಕೋಚ್ ಹೇಮಲತಾಳ ತಂಡ ಎಲೆಕ್ಟ್ರಾನಿಕ್ ಸಿಟಿಯವರಿಗಿಂತ ಒಂದು ಗೋಲು ಹಿಂದೆ ಬಿದ್ದಿತ್ತು. ಈ ಸೆಮಿಫೈನಲ್ ಸೋತರೆ ಹೆಂಗಸರ ಹಾಕಿ ತಂಡವನ್ನೇ ಮುಚ್ಚುವುದಾಗಿ ಅದರ ಖರ್ಚು ನೋಡಿಕೊಳ್ಳುವ ಕಂಪನಿ ಮೇಲ್ ಕಳಿಸಿಯಾಗಿತ್ತು. ಮೂರು ವರ್ಷ ಬೆವರು ಸುರಿಸಿ ಕಟ್ಟಿದ ತಂಡ. ಹೇಮಲತಾಳಿಗೆ ಅಳು ಬರುವುದೊಂದು ಬಾಕಿ.

ತಕರಾರೆಲ್ಲ ಫಾರ್ವರ್ಡ್ ಲೈನಿನದು. ವೇಣಿ, ಕೃಪಾ ಇಬ್ಬರೂ ಒಳ್ಳೆಯ ಆಟಗಾರ್ತಿಯರೇ. ಆದರೆ ಪಟ್ಟಂದೂರು ಅಗ್ರಹಾರದ ಒಂದೇ ಮನೆಯ ಸೊಸೆಯರು. ಅಕ್ಕಪಕ್ಕ ನಿಲ್ಲಿಸಿದರೆ ಚೆಂಡು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುವುದಿಲ್ಲ. ಎಡಕ್ಕೊಬ್ಬಳು, ಬಲಕ್ಕೊಬ್ಬಳು ಎಂದರೆ ನಡುವಿನ ಮಂಜುಶ್ರೀ ಓಡಿ ಓಡಿ ಸುಸ್ತು. ಒಬ್ಬಳನ್ನು ಬೆಂಚಿನಲ್ಲಿ ಕೂರಿಸಿದರೆ ಇನ್ನೊಬ್ಬಳು ಗೋಲು ಹೊಡೆದಷ್ಟು ಸಂತೋಷಪಡುತ್ತಾಳೆ, ಆಮೇಲೆ ಗೋಲು ಹೊಡೆಯುವುದಿಲ್ಲ.

ಅಷ್ಟರಲ್ಲಿ ಆ ಇಬ್ಬರ ಅತ್ತೆ ಪಿಳ್ಳಮ್ಮ ಮಜ್ಜಿಗೆ ಕ್ಯಾನ್ ಹಿಡಿದು ಬಂದರು. ಒಬ್ಬ ಸೊಸೆ ಓಡಿ ಕ್ಯಾನ್ ಇಸಿದುಕೊಂಡಳು, ಇನ್ನೊಬ್ಬಳು ಓಡಿ ಕುರ್ಚಿ ಒರೆಸಿದಳು.

"ಅಮ್ಮಾ, ಮನೇಲಿ ಇವರಿಬ್ರನ್ನ ಹೇಗೆ ಜೋಡಿಸ್ತೀರಾ?" ಹೇಮಲತಾ ಮೆಲ್ಲಗೆ ಕೇಳಿದಳು.

"ಜೋಡ್ಸೋದೇ ಇಲ್ಲ ಮೇಡಂ. ಅದಕ್ಕೇ ಅಲ್ವಾ, ಇಬ್ರೂ ನನ್ನ ಇಷ್ಟ್ ಚೆನ್ನಾಗ್ ನೋಡ್ಕೊಳ್ಳೋದು?"

"ಇವತ್ತು ಸೋತ್ರೆ ಟೀಮೇ ಇರಲ್ಲಮ್ಮಾ."

ಪಿಳ್ಳಮ್ಮ ಮಜ್ಜಿಗೆ ಕುಡಿದು ಮುಗಿಸಿದರು. ಎದ್ದು ಸೆರಗು ಸಿಕ್ಕಿಸಿಕೊಂಡು, ಮೈದಾನ ಸುತ್ತಿ ಹೋಗಿ ಎದುರು ತಂಡದ ಗೋಲಿನ ಹಿಂದೆ ನಿಂತರು.

ಆಟ ಶುರುವಾಗುತ್ತಲೇ ಅವರು ಅಲ್ಲಿನ ಗೋಲ್‌ಕೀಪರಿಗೆ ಧೈರ್ಯ ಹೇಳಿದ್ದು ಇಡೀ ಮೈದಾನಕ್ಕೆ ಕೇಳಿಸಿತು. "ಎದರ್ಕೋಬ್ಯಾಡ ಕಣವ್ವ! ಒಬ್ಳು ಸಾರಲ್ಲಿ ಉಪ್ಪಿರಾಕಿಲ್ಲ, ಇನ್ನೊಬ್ಳು ಮುದ್ದೇಲಿ ಬರೀ ಗಂಟು. ಇವರ ಕೈಲಿ ಗೋಲ್ ಒಡಿಯಾಕಾಯ್ತದಾ?"

ಓಡುತ್ತಿದ್ದ ವೇಣಿ ನಿಂತು ಕೃಪಾಳ ಮುಖ ನೋಡಿದಳು. ಕೃಪಾಳೂ ನೋಡಿದಳು. ಇಬ್ಬರೂ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಚೆಂಡು ಒಬ್ಬಳ ಸ್ಟಿಕ್ಕಿನಿಂದ ಇನ್ನೊಬ್ಬಳ ಸ್ಟಿಕ್ಕಿಗೆ ಹೋಯಿತು. ಮೂರು ಗೋಲುಗಳಾದವು. ಮೂರನ್ನೂ ಪಿಳ್ಳಮ್ಮನ ಮುಖ ನೋಡಿಕೊಂಡೇ ಹೊಡೆದರು.

ಪಂದ್ಯ ಗೆದ್ದ ಮೇಲೆ, ಬೆಳಿಗ್ಗೆ ಬೇರೆ ಬೇರೆ ಆಟೋದಲ್ಲಿ ಬಂದಿದ್ದ ಸೊಸೆಯರು ಒಂದೇ ಆಟೋ ಹತ್ತಿ, ನಗುತ್ತಾ ಹೊರಟುಹೋದರು. ಅತ್ತೆಯನ್ನು ಇಬ್ಬರೂ ಕರೆಯಲಿಲ್ಲ.

ಹೇಮಲತಾ ಪಿಳ್ಳಮ್ಮನ ಎರಡೂ ಕೈ ಹಿಡಿದುಕೊಂಡಳು. "ಭಾನುವಾರ ಫೈನಲ್‌ಗೂ ನೀವು ಬರ್ಲೇಬೇಕಮ್ಮಾ."

"ಬತ್ತೀನಿ ಬುಡಿ," ಎಂದು ಪಿಳ್ಳಮ್ಮ ಖಾಲಿ ಕ್ಯಾನ್ ತಾವೇ ಎತ್ತಿಕೊಂಡರು. "ಅಲ್ಲೀಗಂಟ ನಂಗೆ ಅನ್ನ ಇಕ್ಕೋರು ಯಾರು, ಅದ್ನೇಳಿ."