ಮನೆಯ ದನಿಗೆ ಏಳುವ ಹುದುಗು

ಹಬ್ಬದ ಬಿಯರಿಗೆಂದು ಜೆಸಿಂತಾ ಬೆಳಿಗ್ಗೆಯೇ ಫ್ರಿಜ್ಜಿನಿಂದ ಹುದುಗಿನ ಗಾಜಿನ ಭರಣಿ ತೆಗೆದು, ಉಗುರುಬೆಚ್ಚಗಿನ ಮಾಲ್ಟ್ ನೀರು ಹೊಯ್ದು, "ಏಳು ಮಗಾ, ಏಳು" ಎಂದು ಕರೆದಳು. ಮನೆಯವರ ದನಿ ಕೇಳಿದ ಕೂಡಲೇ ನೊರೆಯೇಳುವುದು ಎಲ್ಲ ಮನೆಗಳ ಹುದುಗಿಗೂ ರೂಢಿ. ಇದು ಮಾತ್ರ ತಳದಲ್ಲಿ ಕೆಸರಿನಂತೆ ಬಿದ್ದುಕೊಂಡಿತ್ತು. ಮತ್ತೆ ಕರೆದಳು. ಊಹೂಂ.

"ನಾನು ಆಸ್ಪತ್ರೆಯಲ್ಲಿದ್ದಾಗ ಇದನ್ನು ನೋಡಿಕೊಂಡದ್ದು ಪಕ್ಕದ ಮನೆಯ ಫ್ಲೇವಿಯಾ ಅಲ್ವಾ? ಭರಣಿ ಬದಲು ಮಾಡಿದ್ದಾಳೆ, ಕಳ್ಳಿ!"

"ಪಾಪ, ಅವಳ ಮೇಲೆ ಯಾಕೆ ಹಾಕ್ತೀ ಮಾರಾಯ್ತಿ?" ಎಂದ ಗಂಡ ವಲೇರಿಯನ್, ಈರುಳ್ಳಿ ಹೆಚ್ಚುತ್ತಲೇ. ಅಷ್ಟಕ್ಕೇ ಭರಣಿಯಲ್ಲಿ ಗುಳ್ಳೆಗಳೆದ್ದವು.

ಜೆಸಿಂತಾ ಭರಣಿಯನ್ನು ಮಗಳ ಮುಂದೆ ಸರಿಸಿದಳು. "ರೆನಿ, ನೀನೊಮ್ಮೆ ಕರೆ ನೋಡುವ."

ಪುಟ್ಟ ರೆನಿ ಬಗ್ಗಿ, "ಏಯ್ ಸೋಂಬೇರಿ!" ಎಂದದ್ದೇ ತಡ, ನೊರೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು. ಹಾಗಾದರೆ ಭರಣಿ ಈ ಮನೆಯದೇ.

ಜೆಸಿಂತಾ ಗಂಡನ ಕಡೆ ತಿರುಗಿದಳು. ಆಸ್ಪತ್ರೆಯಿಂದ ಕರೆತಂದ ದಿನದಿಂದಲೂ ಅವನು ನೋಟ ತಪ್ಪಿಸುತ್ತಿದ್ದ, ದಣಿವಿರಬೇಕು ಎಂದುಕೊಂಡಿದ್ದಳು. ಈಗಲೂ ಅವನು ತಲೆಯೆತ್ತಲಿಲ್ಲ, ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚುತ್ತಿದ್ದ.

ರೆನಿ ನೊರೆ ಒರೆಸುವುದನ್ನು ನಿಲ್ಲಿಸಿ ಕೇಳಿದಳು: "ಪಪ್ಪಾ, ಆಸ್ಪತ್ರೆಯವರು ನಮ್ಮ ಮಮ್ಮಿಯನ್ನೇ ವಾಪಸು ಕೊಟ್ಟರಾ?"